ಬಂದ ಕೈ ಉಳಿಯಬೇಕಾದರೆ: ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿಯ ಉದ್ಯಮಗಳಿಗೆ ಕಾರ್ಮಿಕರನ್ನು ಬೆಳೆಸಿ ಉಳಿಸಿಕೊಳ್ಳುವ ಸಮಗ್ರ ಮಾರ್ಗದರ್ಶಿ

ಹುಬ್ಬಳ್ಳಿಯ ಗೋಕುಲ ರಸ್ತೆ ಮತ್ತು ತಾರಿಹಾಳ, ಧಾರವಾಡದ ಬೇಲೂರು ಮತ್ತು ಮುಮ್ಮಿಗಟ್ಟಿ ಕೈಗಾರಿಕಾ ಪ್ರದೇಶಗಳಲ್ಲಿ ಯಾವ ಕಾರ್ಖಾನೆಯ ಮಾಲೀಕರನ್ನು ಮಾತನಾಡಿಸಿದರೂ ಕೆಲಸಕ್ಕೆ ಜನ ಸಿಗುವುದಿಲ್ಲ, ಸಿಕ್ಕವರು ನಿಲ್ಲುವುದಿಲ್ಲ ಎಂಬ ಮಾತು ಬರುತ್ತದೆ. ಅದೇ ಹೊತ್ತಿಗೆ ಕುಂದಗೋಳ, ನವಲಗುಂದ, ಶಿಗ್ಗಾವಿ, ಮುಂಡರಗಿ ತಾಲ್ಲೂಕುಗಳಿಂದ ಐಟಿಐ ಮುಗಿಸಿದ ಯುವಕರು ಬೆಂಗಳೂರು, ಪುಣೆ, ಗೋವಾದ ಬಸ್ಸು ಹತ್ತುತ್ತಿದ್ದಾರೆ. ದೊಡ್ಡ ಊರಿನ ಪಗಾರ ಹೆಚ್ಚೆಂಬುದು ನಿಜವಾದರೂ, ಅಲ್ಲಿನ ಬಾಡಿಗೆ ಮತ್ತು ಊಟದ ಖರ್ಚು ಕಳೆದ ಮೇಲೆ ಕೈಯಲ್ಲಿ ಉಳಿಯುವ ಹಣದ ಅಂತರ ಬಹಳ ಸಲ ನಾವು ಊಹಿಸಿದಷ್ಟು ಇರುವುದಿಲ್ಲ. ಹೋದವರನ್ನು ಕೇಳಿದರೆ ಇನ್ನೊಂದು ಕಾರಣ ತಿಳಿಯುತ್ತದೆ: ಇಲ್ಲಿ ಇದ್ದರೆ ಇನ್ನೆರಡು ವರ್ಷಕ್ಕೆ ತಾನು ಏನಾಗಿರುತ್ತೇನೆ ಎಂಬುದು ಅವರಿಗೆ ಕಾಣಿಸಿರಲಿಲ್ಲ. ಈ ಮಾರ್ಗದರ್ಶಿಯ ಎಲ್ಲ ಹೆಜ್ಜೆಗಳೂ ಆ ಒಂದು ಕೊರತೆಯನ್ನು ತುಂಬುವುದಕ್ಕೆ ಇವೆ.

ಇದನ್ನು ಮುಖ್ಯವಾಗಿ ಇಪ್ಪತ್ತರಿಂದ ನೂರೈವತ್ತು ಜನರಿರುವ ಘಟಕಗಳನ್ನು ಮನಸ್ಸಿನಲ್ಲಿಟ್ಟು ಬರೆದಿದ್ದೇನೆ. ಅಷ್ಟು ಚಿಕ್ಕ ಸಂಸ್ಥೆಯಲ್ಲಿ ಪ್ರತ್ಯೇಕ ಮಾನವ ಸಂಪನ್ಮೂಲ ವಿಭಾಗ ಇರುವುದಿಲ್ಲ. ಮಾಲೀಕ, ಲೆಕ್ಕಪತ್ರ ನೋಡುವವರು ಮತ್ತು ಒಬ್ಬ ಮೇಸ್ತ್ರಿ ಸೇರಿಯೇ ಎಲ್ಲವನ್ನೂ ಮಾಡಬೇಕಾಗುತ್ತದೆ.

ಮೊದಲ ಹೆಜ್ಜೆ: ಬಿಟ್ಟುಹೋದವರ ಪುಸ್ತಕ

ಪರಿಹಾರ ಹುಡುಕುವ ಮೊದಲು ಒಂದು ಸಾದಾ ನೋಟ್‌ಬುಕ್ಕಿನಲ್ಲಿ ಕಳೆದ ಎರಡು ವರ್ಷಗಳಲ್ಲಿ ಕೆಲಸ ಬಿಟ್ಟ ಪ್ರತಿಯೊಬ್ಬರ ಹೆಸರು, ಊರು, ಮಾಡುತ್ತಿದ್ದ ಕೆಲಸ, ಸೇರಿದ ದಿನಾಂಕ, ಬಿಟ್ಟ ದಿನಾಂಕ, ಕೆಲಸ ಮಾಡುತ್ತಿದ್ದ ಪಾಳಿ, ಯಾರ ಕೈಕೆಳಗೆ ಇದ್ದರು ಎಂಬಿಷ್ಟನ್ನು ಬರೆಯಿರಿ. ಹಾಜರಿ ಪುಸ್ತಕ ಮತ್ತು ಭವಿಷ್ಯನಿಧಿಯ ಮಾಸಿಕ ಲೆಕ್ಕದಿಂದ ಇದನ್ನು ಒಂದೆರಡು ದಿನದಲ್ಲಿ ತೆಗೆಯಬಹುದು. ವರ್ಷದಲ್ಲಿ ಬಿಟ್ಟವರ ಸಂಖ್ಯೆಯನ್ನು ಸರಾಸರಿ ಕೆಲಸಗಾರರ ಸಂಖ್ಯೆಯಿಂದ ಭಾಗಿಸಿ ನೂರರಿಂದ ಗುಣಿಸಿದರೆ ಶೇಕಡಾವಾರು ಪ್ರಮಾಣ ಸಿಗುತ್ತದೆ. ಅರವತ್ತು ಜನರ ಘಟಕದಲ್ಲಿ ಇಪ್ಪತ್ನಾಲ್ಕು ಜನ ಬಿಟ್ಟಿದ್ದರೆ ಅದು ಶೇ. 40.

ಆದರೆ ಆ ಒಂದು ಸಂಖ್ಯೆಯನ್ನು ನಂಬಿ ಕೂರಬಾರದು. ಆ ಇಪ್ಪತ್ನಾಲ್ಕು ಜನ ಇಪ್ಪತ್ನಾಲ್ಕು ಬೇರೆ ಬೇರೆ ಜಾಗಗಳಿಂದ ಹೋದರೋ, ಅಥವಾ ಅವೇ ಆರು ಜಾಗಗಳು ತಲಾ ನಾಲ್ಕು ಸಲ ಖಾಲಿಯಾದವೋ ಎಂಬುದನ್ನು ನೋಡಬೇಕು. ಎರಡನೆಯದಾಗಿದ್ದರೆ ಸಮಸ್ಯೆ ಇಡೀ ಕಾರ್ಖಾನೆಯದಲ್ಲ. ಒಂದು ಪಾಳಿಯದು, ಒಂದು ಯಂತ್ರದ್ದು ಅಥವಾ ಒಬ್ಬ ಮೇಲ್ವಿಚಾರಕನದು. ಹಾಗೆಯೇ ಬಿಟ್ಟವರಲ್ಲಿ ಎಷ್ಟು ಜನ ಮೊದಲ ಮೂರು ತಿಂಗಳೊಳಗೆ ಹೋದರು ಎಂಬುದನ್ನು ಬೇರೆಯಾಗಿ ಎಣಿಸಿ. ಮೂರು ತಿಂಗಳೊಳಗೆ ಹೋದವರು ಹೆಚ್ಚಿದ್ದರೆ ತಪ್ಪು ನೇಮಕಾತಿಯಲ್ಲಿ ಮತ್ತು ಸ್ವಾಗತದಲ್ಲಿದೆ. ಮೂರು ವರ್ಷ ದುಡಿದು ಹೋದವರು ಹೆಚ್ಚಿದ್ದರೆ ತಪ್ಪು ಬೆಳವಣಿಗೆಯ ದಾರಿಯಲ್ಲಿದೆ. ಎರಡಕ್ಕೂ ಮದ್ದು ಬೇರೆ.

ಎರಡನೆಯ ಹೆಜ್ಜೆ: ಸುಗ್ಗಿಯ ಗೈರುಹಾಜರಿಯನ್ನು ಬಿಡುವಿಕೆಯಿಂದ ಬೇರ್ಪಡಿಸುವುದು

ನಮ್ಮ ಭಾಗದ ಕಾರ್ಮಿಕರಲ್ಲಿ ಹೆಚ್ಚಿನವರಿಗೆ ಎರಡೋ ನಾಲ್ಕೋ ಎಕರೆ ಹೊಲವಿದೆ, ಇಲ್ಲವೇ ಹೊಲವಿರುವ ತಂದೆ-ತಾಯಿ ಇದ್ದಾರೆ. ಜೂನ್‌ನ ಮುಂಗಾರು ಬಿತ್ತನೆ, ಆಗಸ್ಟ್ ಸುಮಾರಿನ ಹೆಸರು ರಾಶಿ, ಸೆಪ್ಟೆಂಬರ್-ಅಕ್ಟೋಬರ್‌ನ ಹಿಂಗಾರಿ ಬಿತ್ತನೆ, ಆಮೇಲೆ ಹತ್ತಿ ಬಿಡಿಸುವ ಕೆಲಸ, ಜನವರಿಯಿಂದ ಜೋಳ-ಕಡಲೆ ಮತ್ತು ಮೆಣಸಿನಕಾಯಿ ಎಂಬ ಚಕ್ರ ಅವರ ಮನೆಯನ್ನು ನಡೆಸುತ್ತದೆ. ನಾಗರ ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಹೋಗಲೇಬೇಕು. ಸೀಗಿ ಹುಣ್ಣಿಮೆ, ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಲು ಹೊಲಕ್ಕೆ ಹೋಗದೆ ಇರುವವರು ಕಡಿಮೆ. ಉಳವಿ ಜಾತ್ರೆ, ಸಿದ್ಧಾರೂಢ ಮಠದ ಜಾತ್ರೆ, ಗದಗಿನ ತೋಂಟದಾರ್ಯ ಜಾತ್ರೆಗಳು ಸುತ್ತಲಿನ ಊರುಗಳನ್ನೇ ಖಾಲಿ ಮಾಡುತ್ತವೆ.

ಇವೆಲ್ಲ ಪ್ರತಿವರ್ಷ ಬರುವವು, ಪಂಚಾಂಗದಲ್ಲಿ ಮೊದಲೇ ಬರೆದಿರುವವು. ಆದರೂ ಅನೇಕ ಘಟಕಗಳು ಪ್ರತಿ ಸಲವೂ ಹೊಸದೆಂಬಂತೆ ಕಂಗಾಲಾಗಿ, ಹತ್ತು ದಿನ ಬಾರದವನ ಹೆಸರನ್ನು ಹಾಜರಿ ಪುಸ್ತಕದಿಂದ ಕಿತ್ತುಹಾಕುತ್ತವೆ. ಮರಳಿ ಬರಬೇಕೆಂದಿದ್ದವನೂ ಆಗ ಬೇರೆ ಬಾಗಿಲು ನೋಡುತ್ತಾನೆ. ಜನವರಿಯಲ್ಲಿಯೇ ಗೋಡೆಗೆ ಒಂದು ವಾರ್ಷಿಕ ಕ್ಯಾಲೆಂಡರ್ ಹಾಕಿ, ಪ್ರತಿಯೊಬ್ಬರಿಂದ ಅವರಿಗೆ ಬೇಕಾದ ಸುಗ್ಗಿಯ ಸುಟಿಯನ್ನು ಮೊದಲೇ ಬರೆಸಿಕೊಳ್ಳಿ. ಒಂದೇ ಯಂತ್ರ ಬಲ್ಲ ಇಬ್ಬರು ಒಂದೇ ವಾರ ಹೋಗದಂತೆ ಅವರವರಲ್ಲೇ ಹೊಂದಿಸಿಕೊಳ್ಳಲು ಬಿಡಿ. ಯಂತ್ರಗಳ ದೊಡ್ಡ ದುರಸ್ತಿಯನ್ನು ಪಂಚಮಿಯ ವಾರಕ್ಕೆ ಅಥವಾ ಬಿತ್ತನೆಯ ವಾರಕ್ಕೆ ಇಟ್ಟುಕೊಳ್ಳಿ. ಇದಕ್ಕೆ ಹಣವೇನೂ ಬೇಕಾಗುವುದಿಲ್ಲ, ಮುಂದಾಲೋಚನೆ ಮಾತ್ರ ಬೇಕು.

ಮೂರನೆಯ ಹೆಜ್ಜೆ: ಒಬ್ಬ ಹೋದರೆ ಆಗುವ ನಷ್ಟದ ಲೆಕ್ಕ

ತಿಂಗಳಿಗೆ 18,000 ರೂಪಾಯಿ ಪಗಾರದ ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ ಯಂತ್ರ) ಆಪರೇಟರ್ ಒಬ್ಬ ಬಿಟ್ಟನೆಂದು ಇಟ್ಟುಕೊಳ್ಳೋಣ. ಹೊಸಬ ಮೊದಲ ಎರಡು ತಿಂಗಳು ಅರ್ಧ ಉತ್ಪಾದನೆ ಕೊಟ್ಟರೆ ಅಲ್ಲಿಗೆ 18,000 ರೂಪಾಯಿ ಪಗಾರ ಫಲವಿಲ್ಲದೆ ಹೋಯಿತು. ಅವನಿಗೆ ಕಲಿಸುವ 24,000 ರೂಪಾಯಿಯ ಹಿರಿಯನ ಒಂದು ತಿಂಗಳ ಕಾಲು ಭಾಗ ಸಮಯವೆಂದರೆ 6,000. ಕೆಟ್ಟುಹೋದ ಮಾಲು ಮತ್ತು ಮುರಿದ ಟೂಲಿಗೆ 5,000 ಹಿಡಿದರೂ ಒಟ್ಟು 29,000 ಆಗುತ್ತದೆ. ತಡವಾದ ಆರ್ಡರಿನ ಬೆಲೆ ಇದರಲ್ಲಿ ಸೇರಿಲ್ಲ. ಹೋದವನು ಕೇಳಿದ್ದು ತಿಂಗಳಿಗೆ 1,500 ರೂಪಾಯಿ ಹೆಚ್ಚಳವಾಗಿದ್ದರೆ ವರ್ಷಕ್ಕೆ ಅದು 18,000 ಮಾತ್ರ. ನಿಮ್ಮ ಘಟಕದ ಅಂಕಿಗಳನ್ನು ಹಾಕಿ ಈ ಲೆಕ್ಕವನ್ನು ಒಮ್ಮೆ ಮಾಡಿ, ಕಾಗದದ ಮೇಲೆ ಇಟ್ಟುಕೊಳ್ಳಿ. ಮುಂದಿನ ಹೆಜ್ಜೆಗಳಿಗೆ ಎಷ್ಟು ಖರ್ಚು ಮಾಡಬಹುದೆಂಬುದಕ್ಕೆ ಅದೇ ಅಳತೆ.

ನಾಲ್ಕನೆಯ ಹೆಜ್ಜೆ: ಬಸ್ಸಿನ ವೇಳೆ ನೋಡಿ ನೇಮಕ ಮಾಡುವುದು

ಅರ್ಜಿಯಲ್ಲಿ ಅಂಕಗಳನ್ನು ನೋಡುವ ಮೊದಲು ಊರು ನೋಡಿ. ಎರಡನೆಯ ಪಾಳಿ ರಾತ್ರಿ ಹತ್ತಕ್ಕೆ ಮುಗಿಯುವುದಾದರೆ, ಆ ಹೊತ್ತಿಗೆ ಆ ಊರಿಗೆ ಬಸ್ಸಿದೆಯೇ ಎಂಬ ಒಂದೇ ಪ್ರಶ್ನೆ ಅವನು ಎಷ್ಟು ದಿನ ಉಳಿಯುತ್ತಾನೆಂಬುದನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆ. ಹುಬ್ಬಳ್ಳಿ-ಧಾರವಾಡದ ನಡುವೆ ಚಿಗರಿ ಬಸ್ಸು ಓಡುವುದರಿಂದ ಅವಳಿ ನಗರದ ಒಳಗಿನವರಿಗೆ ಓಡಾಟ ಸುಲಭವಾಗಿದೆ, ಆದರೆ ನಿಲ್ದಾಣದಿಂದ ಕಾರ್ಖಾನೆಯ ಗೇಟಿನವರೆಗಿನ ಕೊನೆಯ ಎರಡು-ಮೂರು ಕಿಲೋಮೀಟರ್ ಈಗಲೂ ಕಾರ್ಮಿಕರ ಪಾಲಿಗೇ ಉಳಿದಿದೆ. ಒಂದೇ ಕೈಗಾರಿಕಾ ಪ್ರದೇಶದ ನಾಲ್ಕೈದು ಘಟಕಗಳು ಕೂಡಿ ಪಾಳಿಯ ವೇಳೆಯನ್ನು ಒಂದೇ ಮಾಡಿಕೊಂಡರೆ ಒಂದು ವಾಹನವನ್ನು ಹಂಚಿಕೊಳ್ಳಬಹುದು. ಹುಬ್ಬಳ್ಳಿಯಲ್ಲೇ ಕೇಂದ್ರ ಕಚೇರಿಯಿರುವ ವಾಯವ್ಯ ಸಾರಿಗೆ ಸಂಸ್ಥೆಗೆ ಒಟ್ಟಾಗಿ ಮನವಿ ಕೊಟ್ಟು ಪಾಳಿಗೆ ಹೊಂದುವ ಬಸ್ಸು ಕೇಳಬಹುದು. ಒಬ್ಬರೇ ಕೇಳುವುದಕ್ಕಿಂತ ಮುನ್ನೂರು ಪ್ರಯಾಣಿಕರ ಪಟ್ಟಿಯೊಂದಿಗೆ ಕೇಳುವುದಕ್ಕೆ ಬೆಲೆ ಹೆಚ್ಚು.

ಮಹಿಳೆಯರ ವಿಷಯದಲ್ಲಿ 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆ ದೊಡ್ಡ ಬದಲಾವಣೆ ತಂದಿದೆ. ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟಿನ ಖರ್ಚಿಲ್ಲದೆ ಬರಬಹುದಾದ್ದರಿಂದ, ಪಗಾರದ ಬಹುಪಾಲು ಬಸ್ಸಿಗೇ ಹೋಗುತ್ತದೆಂದು ಮನೆಯಲ್ಲೇ ಉಳಿದಿದ್ದ ಹಳ್ಳಿಯ ಮಹಿಳೆಯರೂ ಈಗ ಪಟ್ಟಣದ ಕೆಲಸಕ್ಕೆ ಬರಬಲ್ಲರು. ಅವರಿಗೆ ಹೊಂದುವಂತೆ ಬೆಳಗಿನ ಪಾಳಿಯನ್ನು ಅರ್ಧ ಗಂಟೆ ಸರಿಸಲು ಒಪ್ಪುವ ಘಟಕಕ್ಕೆ ಜನರ ಕೊರತೆ ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ.

ಇಲ್ಲಿಯೇ ಒಂದು ಮಾತನ್ನು ನಿಷ್ಠುರವಾಗಿ ಹೇಳಬೇಕು. ಮೂಲ ಅಂಕಪಟ್ಟಿ ಇಟ್ಟುಕೊಳ್ಳುವುದು, ಬಾಂಡ್ ಬರೆಸಿಕೊಳ್ಳುವುದು, ತೀರಿಸಲಾಗದಷ್ಟು ಮುಂಗಡ ಕೊಟ್ಟು ಕಟ್ಟಿಹಾಕುವುದು ಉಳಿಸಿಕೊಳ್ಳುವ ಮಾರ್ಗಗಳಲ್ಲ. ಸಾಲದ ಬಲದಿಂದ ದುಡಿಸಿಕೊಳ್ಳುವುದನ್ನು 1976ರ ಜೀತ ಪದ್ಧತಿ ನಿರ್ಮೂಲನಾ ಕಾಯ್ದೆ ಅಪರಾಧವೆಂದೇ ಹೇಳುತ್ತದೆ. ಹೀಗೆ ಹಿಡಿದಿಟ್ಟವನು ಕೆಲಸವನ್ನೂ ಕಲಿಯುವುದಿಲ್ಲ, ಊರಿನ ಇನ್ನೊಬ್ಬರನ್ನು ಕರೆತರುವುದೂ ಇಲ್ಲ.

ಐದನೆಯ ಹೆಜ್ಜೆ: ಮೊದಲ ತೊಂಬತ್ತು ದಿನ

ಸೇರಿದ ದಿನವೇ ಕನ್ನಡದಲ್ಲಿ ನೇಮಕಾತಿ ಪತ್ರ ಕೊಡಿ. 2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವ ಕಾರ್ಮಿಕ ಸಂಹಿತೆಗಳು ನೇಮಕಾತಿ ಪತ್ರವನ್ನು ಕಡ್ಡಾಯ ಮಾಡಿವೆ. ಆದರೆ ಕಾಯ್ದೆಗಿಂತ ಮುಖ್ಯವಾದದ್ದು ಅದರಲ್ಲಿ ಏನಿದೆ ಎಂಬುದು. ಪಗಾರ ಎಷ್ಟು, ಅದರಲ್ಲಿ ಏನೇನು ಕಡಿತ, ಯಾವ ತಾರೀಖಿಗೆ ಕೈಗೆ ಬರುತ್ತದೆ, ಆರು ತಿಂಗಳ ನಂತರ ಯಾವ ಕೆಲಸ ಕಲಿತಿದ್ದರೆ ಎಷ್ಟು ಏರುತ್ತದೆ ಎಂಬ ನಾಲ್ಕು ಸಂಗತಿಗಳು ಒಂದೇ ಪುಟದಲ್ಲಿರಲಿ. ಮನೆಯಲ್ಲಿ ಹಿರಿಯರು ಓದಿ ಅರ್ಥಮಾಡಿಕೊಳ್ಳುವಂತಿರಲಿ. ನಮ್ಮಲ್ಲಿ ಕೆಲಸದ ನಿರ್ಧಾರವನ್ನು ಹುಡುಗ ಒಬ್ಬನೇ ಮಾಡುವುದಿಲ್ಲ.

ಮೊದಲ ಪಗಾರದ ವಿಷಯದಲ್ಲಿ ಬಹಳ ಕಡೆ ಒಂದು ಕೆಟ್ಟ ರೂಢಿಯಿದೆ: ಹದಿನೈದು ದಿನದ ಪಗಾರವನ್ನು ಹಿಡಿದಿಟ್ಟುಕೊಂಡರೆ ಹುಡುಗ ಓಡಿಹೋಗುವುದಿಲ್ಲ ಎಂಬ ನಂಬಿಕೆ. ಆಗುವುದು ತದ್ವಿರುದ್ಧ. ತಿಂಗಳ ಪಗಾರವನ್ನು ಮುಂದಿನ ತಿಂಗಳ ಏಳನೆಯ ತಾರೀಖಿನೊಳಗೆ, ಕೆಲಸ ಬಿಟ್ಟವರ ಬಾಕಿಯನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕೆಂದು ವೇತನ ಸಂಹಿತೆ ಹೇಳುತ್ತದೆ. ಇಪ್ಪತ್ತನೆಯ ತಾರೀಖು ಸೇರಿದವನಿಗೆ ಆ ಹತ್ತು ದಿನದ ಹಣ ಎಲ್ಲರ ಜೊತೆಗೇ ಬಂದರೆ, ಈ ಜಾಗ ನಂಬಬಹುದಾದದ್ದು ಎಂಬುದು ಅವನಿಗೂ ಅವನ ಮನೆಗೂ ಒಟ್ಟಿಗೇ ತಿಳಿಯುತ್ತದೆ.

ಮೊದಲ ತಿಂಗಳು ಹೊಸಬರನ್ನು ರಾತ್ರಿ ಪಾಳಿಗೆ ಹಾಕಬೇಡಿ. ಒಬ್ಬ ಹಿರಿಯನನ್ನು ಹೆಸರು ಹೇಳಿ ಜೊತೆ ಮಾಡಿ. ಆ ಹಿರಿಯನಿಗೆ ಕಲಿಸಿದ್ದಕ್ಕೆ ಒಂದು ಭತ್ಯೆಯಿರಲಿ, ಹೊಸಬ ಮೂರು ತಿಂಗಳು ಪೂರೈಸಿದಾಗ ಅದು ಸಿಗಲಿ. ಮೊದಲ ವಾರದ ಕೊನೆಗೆ, ನಾಲ್ಕನೆಯ ವಾರದ ಕೊನೆಗೆ ಮತ್ತು ಹನ್ನೆರಡನೆಯ ವಾರದ ಕೊನೆಗೆ ಮಾಲೀಕರು ತಾವೇ ಹತ್ತು ನಿಮಿಷ ಕೂತು ಮಾತನಾಡಲಿ. ಕೆಲಸ ಹೇಗಿದೆ ಎಂದು ಕೇಳಿದರೆ ಎಲ್ಲರೂ ಚಲೋ ಐತ್ರಿ ಎಂದೇ ಹೇಳುತ್ತಾರೆ. ಅದರ ಬದಲು, ನಿಮ್ಮೂರಿನವರು ಇನ್ನೊಬ್ಬರು ಇಲ್ಲಿಗೆ ಬರುತ್ತೇನೆಂದರೆ ಅವರಿಗೆ ಏನು ಎಚ್ಚರಿಕೆ ಹೇಳುತ್ತೀರಿ ಎಂದು ಕೇಳಿ. ನಿಜವಾದ ಉತ್ತರ ಆಗ ಬರುತ್ತದೆ.

ಆರನೆಯ ಹೆಜ್ಜೆ: ಗೋಡೆಯ ಮೇಲೆ ಕೌಶಲದ ಏಣಿ

ಇಡೀ ಮಾರ್ಗದರ್ಶಿಯಲ್ಲಿ ಒಂದನ್ನೇ ಮಾಡಲು ಸಾಧ್ಯವೆಂದಾದರೆ ಇದನ್ನು ಮಾಡಿ.

ಹುಬ್ಬಳ್ಳಿಯಲ್ಲಿ ಅನೇಕರು ತಯಾರಿಸುವ ವಾಲ್ವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಎರಕದ ಮಾಲು ಬಂದ ಮೇಲೆ ಫೆಟ್ಲಿಂಗ್ (ಎರಕದ ಹೆಚ್ಚುವರಿ ಅಂಚು ತೆಗೆಯುವುದು), ಟರ್ನಿಂಗ್, ಡ್ರಿಲ್ಲಿಂಗ್, ಸೀಟಿನ ಲ್ಯಾಪಿಂಗ್ (ವಾಲ್ವು ಮುಚ್ಚಿ ಕೂರುವ ಮೇಲ್ಮೈಯನ್ನು ಉಜ್ಜಿ ನಯಗೊಳಿಸುವುದು), ಜೋಡಣೆ, ನೀರಿನ ಒತ್ತಡದ ಪರೀಕ್ಷೆ, ಬಣ್ಣ ಹೀಗೆ ಕೆಲಸ ಸಾಗುತ್ತದೆ. ದೊಡ್ಡ ಹಾಳೆಯೊಂದರಲ್ಲಿ ಎಡಕ್ಕೆ ಕೆಲಸಗಾರರ ಹೆಸರು, ಮೇಲೆ ಈ ಕೆಲಸಗಳ ಹೆಸರು ಬರೆಯಿರಿ. ಪ್ರತಿ ಚೌಕದಲ್ಲಿ ನಾಲ್ಕು ಮಟ್ಟಗಳಲ್ಲಿ ಒಂದನ್ನು ಗುರುತಿಸಿ: ಗೊತ್ತಿಲ್ಲ, ಜೊತೆಯಲ್ಲಿದ್ದು ಮಾಡಬಲ್ಲ, ತಾನೇ ಮಾಡಬಲ್ಲ, ಇನ್ನೊಬ್ಬರಿಗೆ ಕಲಿಸಬಲ್ಲ. ಹಾಳೆ ತುಂಬಿದ ಕೂಡಲೇ ಅಪಾಯ ಎಲ್ಲಿದೆ ಎಂಬುದು ಕಾಣುತ್ತದೆ. ಬಹಳ ಸಲ ಲ್ಯಾಪಿಂಗ್ ಕಂಬಸಾಲಿನಲ್ಲಿ ಕಲಿಸಬಲ್ಲವರು ಒಬ್ಬರೇ ಇರುತ್ತಾರೆ, ಅವರಿಗೆ ವಯಸ್ಸು ಐವತ್ತು ದಾಟಿರುತ್ತದೆ. ವಾಲ್ವು ಸೋರುವುದೂ ಸೋರದಿರುವುದೂ ಆ ಕೈಯ ಹದದ ಮೇಲೆ ನಿಂತಿದೆ, ಆ ಹದ ಯಾವ ಪುಸ್ತಕದಲ್ಲೂ ಬರೆದಿಲ್ಲ.

ಮುಂದೆ ಮಾಡಬೇಕಾದದ್ದು, ಪ್ರತಿ ಮಟ್ಟಕ್ಕೆ ಹಣವನ್ನು ಜೋಡಿಸುವುದು. ಒಂದು ಕೆಲಸವನ್ನು ತಾನೇ ಮಾಡಬಲ್ಲ ಮಟ್ಟಕ್ಕೆ ಬಂದರೆ ತಿಂಗಳಿಗೆ ಇಷ್ಟು, ಕಲಿಸಬಲ್ಲ ಮಟ್ಟಕ್ಕೆ ಬಂದರೆ ಇಷ್ಟು ಎಂದು ಬಹಿರಂಗವಾಗಿ ಬರೆದು ಹಾಕಿ. ಮಟ್ಟವನ್ನು ಮೇಸ್ತ್ರಿಯ ಮೆಚ್ಚುಗೆ ತೀರ್ಮಾನಿಸಬಾರದು. ನಿಗದಿತ ಸಂಖ್ಯೆಯ ಮಾಲನ್ನು ನಿಗದಿತ ಸಮಯದಲ್ಲಿ, ಪರೀಕ್ಷೆಯಲ್ಲಿ ತೇರ್ಗಡೆಯಾಗುವಂತೆ ಮಾಡಿ ತೋರಿಸುವುದೇ ಪರೀಕ್ಷೆಯಾಗಲಿ. ಯಾರು ಬೇಕಾದರೂ ಮೂರು ತಿಂಗಳಿಗೊಮ್ಮೆ ಪರೀಕ್ಷೆ ಕೇಳಬಹುದಾಗಿರಲಿ. ಹೀಗೆ ಮಾಡಿದರೆ ಕಲಿತವರು ಬಿಟ್ಟುಹೋಗುತ್ತಾರೆಂಬ ಭಯ ಅನೇಕ ಮಾಲೀಕರಿಗಿದೆ. ಕೆಲವರು ಹೋಗುವುದು ಖಂಡಿತ. ಆದರೆ ಕಲಿಯಲು ಏನೂ ಇಲ್ಲದ ಜಾಗದಿಂದ ಮೊದಲು ಹೋಗುವವರು ಬುದ್ಧಿವಂತರೇ ಆಗಿರುತ್ತಾರೆ, ಉಳಿಯುವವರು ಬೇರೆಡೆ ಹೋಗಲಾರದವರು ಮಾತ್ರ.

ಶಾಲೆ ಬಿಟ್ಟು ಹತ್ತು-ಹದಿನೈದು ವರ್ಷ ವೆಲ್ಡಿಂಗ್, ಫಿಟ್ಟಿಂಗ್ ಮಾಡಿದವರಿಗೆ ಪ್ರಮಾಣಪತ್ರವಿರುವುದಿಲ್ಲ. ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಲ್ಲಿ ಈಗಾಗಲೇ ಇರುವ ಕೌಶಲವನ್ನು ಪರೀಕ್ಷಿಸಿ ಪ್ರಮಾಣೀಕರಿಸುವ ವ್ಯವಸ್ಥೆಯಿದೆ. ಅದನ್ನು ಘಟಕವೇ ಮುಂದೆ ನಿಂತು ಮಾಡಿಸಿಕೊಟ್ಟರೆ ಆ ಕಾಗದ ಅವರ ಮನೆಯ ಗೋಡೆಯ ಮೇಲೆ ಬಹಳ ವರ್ಷ ಇರುತ್ತದೆ.

ಏಳನೆಯ ಹೆಜ್ಜೆ: ಅಪ್ರೆಂಟಿಸ್‌ಗಳನ್ನು ನಿಜವಾಗಿ ಬೆಳೆಸುವುದು

ಕೆಲಸ ಮಾಡುತ್ತಲೇ ಕಲಿಯುವ ತರಬೇತಿದಾರರಿಗೆ, ಅಂದರೆ ಅಪ್ರೆಂಟಿಸ್‌ಗಳಿಗೆ ಸಂಬಂಧಿಸಿದ ಅಪ್ರೆಂಟಿಸ್ ಕಾಯ್ದೆ 1961ರದು. ಅದರ ನಿಯಮಗಳ ಪ್ರಕಾರ ಮೂವತ್ತು ಅಥವಾ ಹೆಚ್ಚು ಜನರಿರುವ ಸಂಸ್ಥೆಗಳು ಒಟ್ಟು ಸಂಖ್ಯೆಯ ಶೇ. 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಬೇಕು. ನಾಲ್ಕರಿಂದ ಇಪ್ಪತ್ತೊಂಬತ್ತು ಜನರಿರುವ ಕಡೆ ಇದು ಐಚ್ಛಿಕ. 2016ರಲ್ಲಿ ಆರಂಭವಾದ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಉತ್ತೇಜನ ಯೋಜನೆಯಲ್ಲಿ ನಿಗದಿತ ಸ್ಟೈಪೆಂಡಿನ ಕಾಲು ಭಾಗವನ್ನು, ತಿಂಗಳಿಗೆ 1,500 ರೂಪಾಯಿಯ ಮಿತಿಯೊಳಗೆ, ಕೇಂದ್ರ ಸರ್ಕಾರ ಭರಿಸುತ್ತದೆ. ಟಾಟಾ ಟೆಕ್ನಾಲಜೀಸ್ ಸಹಯೋಗದಲ್ಲಿ ರಾಜ್ಯದ 150 ಸರ್ಕಾರಿ ಐಟಿಐಗಳನ್ನು ಮೇಲ್ದರ್ಜೆಗೇರಿಸಿದ ಮೇಲೆ ಹೊಸ ಯಂತ್ರಗಳನ್ನು ಮುಟ್ಟಿ ಬರುವ ಹುಡುಗ-ಹುಡುಗಿಯರು ಹೆಚ್ಚಾಗುತ್ತಿದ್ದಾರೆ. ಹತ್ತಿರದ ಐಟಿಐಯ ಬೋಧಕರನ್ನು ವರ್ಷಕ್ಕೊಮ್ಮೆ ನಿಮ್ಮ ಶಾಪ್ ಫ್ಲೋರಿಗೆ ಕರೆದು ತೋರಿಸಿ. ಆಮೇಲೆ ಅವರು ಕಳಿಸುವವರ ಆಯ್ಕೆಯೇ ಬದಲಾಗುತ್ತದೆ.

ಕಸ ಗುಡಿಸಲು, ಮಾಲು ಎತ್ತಲು ಅಪ್ರೆಂಟಿಸ್‌ಗಳನ್ನು ಬಳಸುವ ಸಂಸ್ಥೆ ಅವರಲ್ಲಿ ಒಬ್ಬರನ್ನೂ ಉಳಿಸಿಕೊಳ್ಳುವುದಿಲ್ಲ. ಕೌಶಲದ ಹಾಳೆಯಲ್ಲಿ ಅವರ ಹೆಸರೂ ಮೊದಲ ದಿನದಿಂದಲೇ ಇರಲಿ.

ಎಂಟನೆಯ ಹೆಜ್ಜೆ: ಕೈಗೆ ಕಾಣದ ಹಣವನ್ನು ಕಾಣಿಸುವುದು

ಪಿಎಫ್ (ಭವಿಷ್ಯನಿಧಿ) ಮತ್ತು ಇಎಸ್‌ಐ (ನೌಕರರ ರಾಜ್ಯ ವಿಮೆ) ಕಡಿತವನ್ನು ಬಹಳ ಕಾರ್ಮಿಕರು ನಷ್ಟವೆಂದೇ ತಿಳಿಯುತ್ತಾರೆ, ಏಕೆಂದರೆ ಯಾರೂ ಬಿಡಿಸಿ ಹೇಳಿರುವುದಿಲ್ಲ. ತಿಂಗಳಿಗೆ 21,000 ರೂಪಾಯಿವರೆಗಿನ ಪಗಾರದವರಿಗೆ ಇಎಸ್‌ಐ ಅನ್ವಯಿಸುತ್ತದೆ; ಕಾರ್ಮಿಕರ ಪಾಲು ಶೇ. 0.75, ಮಾಲೀಕರದು ಶೇ. 3.25. ಇದರಿಂದ ಮನೆಯವರ ಚಿಕಿತ್ಸೆಯೂ ಆಗುತ್ತದೆ ಎಂಬುದು ಹೆಂಡತಿ-ಮಕ್ಕಳನ್ನು ಕರೆದು ತಿಳಿಸುವಷ್ಟು ಮುಖ್ಯವಾದ ಸಂಗತಿ ಎಂದು ನಾನು ಭಾವಿಸುತ್ತೇನೆ.

ಗ್ರಾಚ್ಯುಟಿಯನ್ನೂ (ಸೇವೆ ಮುಗಿಸಿ ಹೋಗುವಾಗ ಮಾಲೀಕರು ಕೊಡುವ ಇಡಿಗಂಟು) ಹಾಗೆಯೇ ಲೆಕ್ಕ ಹಾಕಿ ತೋರಿಸಿ. ಗ್ರಾಚ್ಯುಟಿಗೆ ಪರಿಗಣಿಸುವ ವೇತನ 15,000 ರೂಪಾಯಿ ಇರುವವರಿಗೆ ಐದು ವರ್ಷ ಪೂರೈಸಿದಾಗ 15,000 x 15/26 x 5 ಎಂಬ ಸೂತ್ರದಂತೆ ಸುಮಾರು 43,269 ರೂಪಾಯಿ ಬರುತ್ತದೆ. ನಾಲ್ಕನೆಯ ವರ್ಷದಲ್ಲಿ ಹೊರಡಲು ಯೋಚಿಸುತ್ತಿರುವವರಿಗೆ ಈ ಅಂಕಿ ಗೊತ್ತಿರಬೇಕು. ನಿಗದಿತ ಅವಧಿಯ ನೌಕರರಿಗೆ ಹೊಸ ಸಂಹಿತೆಯಲ್ಲಿ ಒಂದು ವರ್ಷಕ್ಕೇ ಈ ಹಕ್ಕು ಸಿಗುತ್ತದೆ. 2025ರ ಆಗಸ್ಟ್ 1ರಿಂದ 2027ರ ಜುಲೈ 31ರವರೆಗೆ ಸೃಷ್ಟಿಯಾಗುವ ಉದ್ಯೋಗಗಳಿಗೆ ಅನ್ವಯಿಸುವ ಪ್ರಧಾನಮಂತ್ರಿ ವಿಕಸಿತ ಭಾರತ ರೋಜಗಾರ್ ಯೋಜನೆಯಲ್ಲಿ, ಮೊದಲ ಬಾರಿ ಪಿಎಫ್‌ಗೆ ಸೇರುವವರಿಗೆ 15,000 ರೂಪಾಯಿವರೆಗೆ ಎರಡು ಕಂತುಗಳಲ್ಲಿ, ಆರು ತಿಂಗಳ ಮತ್ತು ಹನ್ನೆರಡು ತಿಂಗಳ ಸೇವೆಯ ನಂತರ ಸಿಗುತ್ತದೆ. ಹೆಚ್ಚುವರಿ ಜನರನ್ನು ನೇಮಿಸಿ ಆರು ತಿಂಗಳು ಉಳಿಸಿಕೊಂಡ ಮಾಲೀಕರಿಗೂ ತಲಾ 3,000 ರೂಪಾಯಿವರೆಗೆ ಮಾಸಿಕ ಪ್ರೋತ್ಸಾಹಧನವಿದೆ. ಇವೆರಡೂ ಉಳಿಯುವಿಕೆಗೇ ಕೊಡುವ ಹಣ. ಆದ್ದರಿಂದ ಮೊದಲ ದಿನವೇ ಹೇಳಿಬಿಡಿ.

ಒಂಬತ್ತನೆಯ ಹೆಜ್ಜೆ: ಉದ್ಯಮಕ್ಕೆ ತಕ್ಕಂತೆ ತಿದ್ದಿಕೊಳ್ಳುವುದು

ಬ್ಯಾಡಗಿಯ ಮೆಣಸಿನಕಾಯಿ ವ್ಯವಹಾರದಲ್ಲಿ ವರ್ಷವಿಡೀ ಒಂದೇ ಪ್ರಮಾಣದ ಕೆಲಸವಿಲ್ಲ. ತೊಟ್ಟು ಬಿಡಿಸುವ ಮಹಿಳೆಯರು, ಹಮಾಲರು ಹಂಗಾಮಿನಲ್ಲಿ ಒಮ್ಮೆಲೇ ಬೇಕಾಗುತ್ತಾರೆ. ಇಲ್ಲಿ ಉಳಿಸಿಕೊಳ್ಳುವುದೆಂದರೆ ಅದೇ ಗುಂಪು ಮುಂದಿನ ವರ್ಷವೂ ನಮ್ಮಲ್ಲಿಗೇ ಬರುವಂತೆ ಮಾಡುವುದು. ತೂಕದ ಲೆಕ್ಕವನ್ನು ಅದೇ ಸಂಜೆ ಅವರ ಕಣ್ಣೆದುರು ಮುಗಿಸುವುದು, ಘಾಟಿಗೆ ಮುಖಗವಸು, ಕಣ್ಣು ತೊಳೆಯಲು ಸಾಕಷ್ಟು ನೀರು, ಕೂಸುಗಳಿಗೆ ನೆರಳು ಇವು ಅಲ್ಲಿ ಕೂಲಿಯ ದರದಷ್ಟೇ ಮುಖ್ಯ. ರಾಣೆಬೆನ್ನೂರು ಭಾಗದ ಬೀಜೋತ್ಪಾದನೆಯಲ್ಲಿ ಹೂವಿನ ಕೈ ಪರಾಗಸ್ಪರ್ಶದ ಕೆಲಸಕ್ಕೆ ನುರಿತ ಬೆರಳುಗಳು ಬೇಕು. ಅಲ್ಲಿಯೂ ನುರಿತವರಿಗೂ ಹೊಸಬರಿಗೂ ಒಂದೇ ಕೂಲಿ ಕೊಡುವುದು ದೊಡ್ಡ ತಪ್ಪು.

ಹೊಲಿಗೆ ಘಟಕಗಳು ಹುಬ್ಬಳ್ಳಿಯ ಬೆಂಗೇರಿಯಲ್ಲಿರುವ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವನ್ನು ಹೋಗಿ ನೋಡಬೇಕು. 1957ರಲ್ಲಿ ಸ್ಥಾಪನೆಯಾದ ಆ ಸಂಘದಲ್ಲಿ ರಾಷ್ಟ್ರಧ್ವಜವನ್ನು ಭಾರತೀಯ ಮಾನಕ ಬ್ಯೂರೋದ ಅಳತೆಗೆ ತಕ್ಕಂತೆ ತಯಾರಿಸುವವರಲ್ಲಿ ಹೆಚ್ಚಿನವರು ಮಹಿಳೆಯರು. ಹೊಲಿಗೆ, ಬಣ್ಣ, ಅಳತೆಯಲ್ಲಿ ಸ್ವಲ್ಪ ತಪ್ಪಿದರೂ ಧ್ವಜ ತಿರಸ್ಕೃತವಾಗುವ ಆ ಕೆಲಸಕ್ಕೆ ಅನುಭವಿ ಕೈಗಳೇ ಬಂಡವಾಳ. 2021ರ ಡಿಸೆಂಬರ್‌ನಲ್ಲಿ ಧ್ವಜ ಸಂಹಿತೆಗೆ ತಿದ್ದುಪಡಿಯಾಗಿ ಪಾಲಿಯೆಸ್ಟರ್ ಮತ್ತು ಯಂತ್ರನಿರ್ಮಿತ ಧ್ವಜಗಳಿಗೆ ಅವಕಾಶ ಸಿಕ್ಕಿದ್ದು ಇಂಥ ಕೆಲಸಕ್ಕೆ ದೊಡ್ಡ ಪೆಟ್ಟು. ಬೇಡಿಕೆಯೇ ಕುಸಿದರೆ ಯಾವ ಉಳಿಸಿಕೊಳ್ಳುವ ತಂತ್ರವೂ ನಡೆಯುವುದಿಲ್ಲವಾದ್ದರಿಂದ, ಒಂದೇ ಉತ್ಪನ್ನದ ಘಟಕಗಳು ತಮ್ಮವರಿಗೆ ಎರಡನೆಯ ಕೌಶಲವನ್ನು ಮೊದಲೇ ಕಲಿಸಿರಬೇಕು. ಮಹಿಳೆಯರು ಹೆಚ್ಚಿರುವ ಎಲ್ಲ ಕಡೆ, 50 ಜನ ದಾಟಿದರೆ ಶಿಶುಪಾಲನಾ ಕೇಂದ್ರ, 10 ಜನರಿದ್ದರೇ ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ಸಮಿತಿ ಕಾಯ್ದೆಯಂತೆ ಇರಲೇಬೇಕು.

ಆಸ್ಪತ್ರೆಗಳಲ್ಲಿ ಶುಶ್ರೂಷಕರು ಬೆಂಗಳೂರಿಗೆ, ಕೊಲ್ಲಿ ದೇಶಗಳಿಗೆ, ಸರ್ಕಾರಿ ನೇಮಕಾತಿಗೆ ಹೋಗುವುದನ್ನು ತಡೆಯಲಾಗದು. ಪ್ರತಿ ವಾರ್ಡಿನಲ್ಲಿ ಒಬ್ಬ ಹಿರಿಯರು ಸ್ಥಿರವಾಗಿ ಉಳಿಯುವಂತೆ ನೋಡಿಕೊಂಡು, ಉಳಿದವರು ಎರಡು ವರ್ಷಕ್ಕೆ ಹೋಗುತ್ತಾರೆಂದೇ ಯೋಜಿಸುವುದು ಪ್ರಾಮಾಣಿಕ ಮಾರ್ಗ. ಗದಗ ಸುತ್ತಲಿನ ಗಾಳಿಯಂತ್ರಗಳ ತಂತ್ರಜ್ಞರಿಗೆ ಎತ್ತರದಲ್ಲಿ ಕೆಲಸ ಮಾಡುವ ಸುರಕ್ಷತಾ ತರಬೇತಿಯನ್ನು ಕಾಲಕಾಲಕ್ಕೆ ನವೀಕರಿಸಿಕೊಡುವುದೇ ಗೌರವ ಮತ್ತು ಜೀವ ಎರಡರ ರಕ್ಷಣೆ.

ಸಾಫ್ಟ್‌ವೇರ್ ಸಂಸ್ಥೆಗಳು ಹೊಸ ಪದವೀಧರರನ್ನು ಉಳಿಸಿಕೊಳ್ಳಲು ಒದ್ದಾಡುವ ಬದಲು ಮರಳಿ ಬರಬಯಸುವವರನ್ನು ಹುಡುಕಲಿ. ಬೆಂಗಳೂರಿನಲ್ಲಿ ಎಂಟು-ಹತ್ತು ವರ್ಷ ದುಡಿದು, ವಯಸ್ಸಾದ ತಂದೆ-ತಾಯಿಗಾಗಿ ಧಾರವಾಡಕ್ಕೆ ಬರಬೇಕೆಂದಿರುವವರು ಇದ್ದಾರೆ. 2023ರ ಜೂನ್ 27ರಂದು ಆರಂಭವಾದ ಬೆಂಗಳೂರು-ಧಾರವಾಡ ವಂದೇ ಭಾರತ್ ರೈಲಿನಿಂದಾಗಿ ಗ್ರಾಹಕರ ಸಭೆಗೆ ಹೋಗಿಬರುವುದೂ ಮೊದಲಿನಷ್ಟು ಕಷ್ಟವಲ್ಲ.

ಹತ್ತನೆಯ ಹೆಜ್ಜೆ: ಮೇಸ್ತ್ರಿಗೆ ತರಬೇತಿ, ಹೋಗುವವರಿಗೆ ತೆರೆದ ಬಾಗಿಲು

ಒಳ್ಳೆಯ ಟರ್ನರ್ ತಾನಾಗಿ ಒಳ್ಳೆಯ ಮೇಲ್ವಿಚಾರಕನಾಗುವುದಿಲ್ಲ. ಎಲ್ಲರೆದುರು ಬೈಯುವುದು, ಓವರ್‌ಟೈಮ್ ಹಂಚುವಾಗ ತನ್ನೂರಿನವರನ್ನು, ತನ್ನ ಜಾತಿಯವರನ್ನು ನೋಡುವುದು, ಸುಟಿ ಕೇಳಿದರೆ ಉತ್ತರ ಕೊಡದೆ ಕಾಯಿಸುವುದು ಇವು ಜನ ಬಿಟ್ಟುಹೋಗಲು ಮುಖ್ಯ ಕಾರಣಗಳಾದರೂ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಮೊದಲ ಹೆಜ್ಜೆಯ ಪುಸ್ತಕದಲ್ಲಿ ಒಂದೇ ಮೇಸ್ತ್ರಿಯ ಹೆಸರು ಮತ್ತೆ ಮತ್ತೆ ಬಂದರೆ, ಅವರನ್ನು ಖಾಸಗಿಯಾಗಿ ಕೂರಿಸಿ ಆ ಪುಟವನ್ನೇ ತೋರಿಸಿ ಮಾತನಾಡಬೇಕು. ಓವರ್‌ಟೈಮ್ ಮತ್ತು ಸುಟಿಯ ಪಟ್ಟಿ ಬಹಿರಂಗವಾಗಿ ಗೋಡೆಯ ಮೇಲಿದ್ದರೆ ಪಕ್ಷಪಾತಕ್ಕೆ ಜಾಗ ಕಡಿಮೆಯಾಗುತ್ತದೆ. ಮೇಸ್ತ್ರಿಯ ಬಡ್ತಿಯನ್ನು ಉತ್ಪಾದನೆಯ ಜೊತೆಗೆ, ಅವರ ಕೈಕೆಳಗೆ ಎಷ್ಟು ಜನ ಉಳಿದರು, ಎಷ್ಟು ಜನ ಒಂದು ಮಟ್ಟ ಮೇಲೇರಿದರು ಎಂಬುದಕ್ಕೂ ಜೋಡಿಸಿ.

ಇಷ್ಟೆಲ್ಲ ಮಾಡಿದ ಮೇಲೂ ಹೋಗುವವರು ಹೋಗುತ್ತಾರೆ. ಅವರ ಬಾಕಿಯನ್ನು ಎರಡು ದಿನದಲ್ಲಿ ಚುಕ್ತಾ ಮಾಡಿ, ಅನುಭವ ಪತ್ರದಲ್ಲಿ ಕಲಿತ ಕೆಲಸಗಳನ್ನು ಹೆಸರಿಸಿ ಕೊಡಿ, ಪಿಎಫ್ ವರ್ಗಾವಣೆಗೆ ನೆರವಾಗಿ. ಆರು ತಿಂಗಳ ನಂತರ ಒಂದು ಫೋನು ಮಾಡಿ ಹೇಗಿದ್ದಾರೆಂದು ವಿಚಾರಿಸಿ. ದಸರೆ, ದೀಪಾವಳಿಗೆ ಊರಿಗೆ ಬಂದಾಗ ಕಾರ್ಖಾನೆಗೆ ಬಂದುಹೋಗಲು ಹೇಳಿ. ಮರಳಿ ಬರುವವರನ್ನು ಮತ್ತೆ ಮೊದಲ ಮಟ್ಟದಿಂದ ಶುರು ಮಾಡಿಸದೆ, ಕೌಶಲದ ಹಾಳೆಯಲ್ಲಿ ಅವರು ಬಿಟ್ಟ ಮಟ್ಟದಲ್ಲಿಯೇ ಒಂದು ವಾರದ ಪರೀಕ್ಷೆಯ ನಂತರ ಸೇರಿಸಿಕೊಳ್ಳಿ. ಹೊರಗೆ ಹೊಸ ಯಂತ್ರ ಕಲಿತು ಬಂದಿದ್ದರೆ ಆ ಕೆಲಸಕ್ಕೊಂದು ಹೊಸ ಕಂಬಸಾಲನ್ನು ಹಾಳೆಗೆ ಸೇರಿಸಿ, ಅದರಲ್ಲಿ ಕಲಿಸಬಲ್ಲವರೆಂದು ಮೊದಲ ಹೆಸರನ್ನು ಅವರದೇ ಬರೆಯಿರಿ.